ಎರಡನೆಯ ಸಾಲಿನವರು

ಮಾನ್ಯರೇ,

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಬಹುತೇಕ ಪ್ರತಿ ಭಾನುವಾರ ಯಾವುದಾದರೊಂದು ಕೇರಿಯಿಂದ ಹಿತ್ತಾಳೆ ವಾದ್ಯಗಳ ಮೆರವಣಿಗೆ ಹೊರಡುತ್ತದೆ. ಹೊಸ ಸೂಟು ತೊಟ್ಟು ಗರಿಯ ಬೀಸಣಿಗೆ ಹಿಡಿದ ಸಂಘದ ಸದಸ್ಯರು, ಅವರೊಡನೆ ಟ್ರಂಪೆಟ್, ಟ್ರೊಂಬೋನ್, ಮೈಗೆ ಸುತ್ತಿಕೊಂಡ ಭಾರಿ ಸೂಸಫೋನ್ ಮತ್ತು ಡ್ರಮ್ಮುಗಳ ಬ್ಯಾಂಡ್, ಇಷ್ಟು ಮೊದಲ ಸಾಲು. ವಾದ್ಯದ ಸದ್ದಿಗೆ ಮನೆಯಿಂದೆದ್ದು ಬಂದು, ಹಿಂದೆಯೂ ಪಕ್ಕದಲ್ಲೂ ಕುಣಿಯುತ್ತ ಗಂಟೆಗಟ್ಟಲೆ ನಡೆಯುವ ಜನ ಎರಡನೆಯ ಸಾಲು. ಇಡೀ ಮೆರವಣಿಗೆಗೆ ‘ಸೆಕೆಂಡ್ ಲೈನ್’ ಎಂಬ ಹೆಸರು ಬಂದಿರುವುದು ಈ ಹಿಂದಿನವರಿಂದಲೇ.

ಇದನ್ನು ನಡೆಸುವ ಸಂಘಗಳನ್ನು ‘ಸೋಷಿಯಲ್ ಏಯ್ಡ್ ಅಂಡ್ ಪ್ಲೆಷರ್ ಕ್ಲಬ್’ ಎನ್ನುತ್ತಾರೆ. ನೆರವು ಮೊದಲು, ನಲಿವು ಆಮೇಲೆ. ಆ ಹೆಸರಿನ ಕ್ರಮವನ್ನು ನಾನು ಮುಖ್ಯವೆಂದೇ ತಿಳಿಯುತ್ತೇನೆ. ಗುಲಾಮಗಿರಿ ಕೊನೆಗೊಂಡ ಮೇಲೂ ಕಪ್ಪು ಜನರಿಗೆ ವಿಮೆ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಅವರು ತಾವೇ ಚಂದಾ ಕೂಡಿಸಿ, ಕಾಯಿಲೆ ಬಿದ್ದವರಿಗೆ ವೈದ್ಯರನ್ನೂ ಔಷಧವನ್ನೂ, ಸತ್ತವರಿಗೆ ಗೌರವದ ಮಣ್ಣನ್ನೂ ಒದಗಿಸುವ ಸಂಘಗಳನ್ನು ಕಟ್ಟಿಕೊಂಡರು. 1884ರಲ್ಲಿ ಹುಟ್ಟಿದ ‘ಯಂಗ್ ಮೆನ್ ಒಲಿಂಪಿಯನ್’ ಸಂಘ ಇಂದಿಗೂ ಬೀದಿಗಿಳಿಯುತ್ತದೆ.

ಶವಯಾತ್ರೆಯಲ್ಲಿ ಈ ನಂಟು ಕಣ್ಣಿಗೆ ಕಟ್ಟುತ್ತದೆ. ಸ್ಮಶಾನದ ದಾರಿಯಲ್ಲಿ ಬ್ಯಾಂಡು ಚರ್ಚಿನ ಶೋಕಗೀತೆಗಳನ್ನು ಒಂದೊಂದೇ ಹೆಜ್ಜೆಯ ನಿಧಾನದಲ್ಲಿ ನುಡಿಸುತ್ತದೆ. ಹಳೆಯ ವಾದಕರು ಸ್ನೇರ್ ಡ್ರಮ್ಮಿನ ಸದ್ದು ಮಂಕಾಗಲೆಂದು ಅದರಡಿ ಕರವಸ್ತ್ರ ಸಿಕ್ಕಿಸುತ್ತಿದ್ದರು. ‘ದೇಹವನ್ನು ಬಿಟ್ಟುಕೊಟ್ಟ’ ಮೇಲೆ, ಎಂದರೆ ಶವವನ್ನು ಬೀಳ್ಕೊಟ್ಟ ಮೇಲೆ, ಆ ವಸ್ತ್ರ ಹೊರಬರುತ್ತದೆ, ಡ್ರಮ್ಮು ಗುಡುಗುತ್ತದೆ, ಅತ್ತವರೇ ಕೊಡೆ ತಿರುಗಿಸುತ್ತ ಕುಣಿಯುತ್ತಾರೆ. ಅದು ದುಃಖವನ್ನು ಮರೆಯುವ ಕುಣಿತವಲ್ಲ, ಹೋದವರನ್ನು ಕೊನೆಯವರೆಗೆ ಕಳುಹಿಸಿಕೊಡುವ ಕುಣಿತ.

ಈ ಪದ್ಧತಿ ತಾನಾಗಿಯೇ ಉಳಿದು ಬಂದದ್ದಲ್ಲ. ಬ್ಯಾಂಡುಗಳು ಕ್ಷೀಣಿಸುತ್ತಿದ್ದ 1970ರ ದಶಕದ ಆರಂಭದಲ್ಲಿ ಹಿರಿಯ ಸಂಗೀತಗಾರ ಡ್ಯಾನಿ ಬಾರ್ಕರ್ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹುಡುಗರನ್ನು ಕೂಡಿಸಿ ಕಲಿಸಿದರು. ಆ ಗುಂಪಿನಿಂದ ಬಂದವರು ಮುಂದೆ ‘ಡರ್ಟಿ ಡಜನ್’ ಎಂಬ ಹೆಸರಾಂತ ಹಿತ್ತಾಳೆ ವಾದ್ಯಗಳ ಬ್ಯಾಂಡಿನಲ್ಲಿದ್ದರು. 2005ರ ಕತ್ರೀನಾ ಚಂಡಮಾರುತ ಕೇರಿಗಳನ್ನೇ ಚದುರಿಸಿತು. ದೂರದೂರದ ಊರುಗಳಲ್ಲಿ ನೆಲೆಸಿದ್ದವರು ತಮ್ಮ ಸಂಘದ ಭಾನುವಾರಕ್ಕೆಂದು ಮರಳಿ ಬರುತ್ತಿದ್ದ ಆ ದಿನಗಳಲ್ಲೇ ಮೆರವಣಿಗೆಯ ಪರವಾನಗಿ ಶುಲ್ಕ ಹಲವು ಪಟ್ಟು ಏರಿತು. ಸಂಘಗಳು ಒಟ್ಟಾಗಿ ನ್ಯಾಯಾಲಯಕ್ಕೆ ಹೋದವು. 2007ರಲ್ಲಿ ರಾಜಿಯಾಗಿ ಶುಲ್ಕ ಇಳಿಯಿತು. ಬೀದಿ ತಮ್ಮದೆಂಬುದನ್ನು ಅವರು ನುಡಿಸಿದಷ್ಟೇ ದಿಟ್ಟವಾಗಿ ವಾದಿಸಿಯೂ ತೋರಿಸಿದರು.

ಟ್ರೆಮೆ ಕೇರಿಯ ಕ್ಲೇಬೋರ್ನ್ ರಸ್ತೆಯ ನಡುವೆ ಓಕ್ ಮರಗಳ ಸಾಲಿತ್ತು. ಹಬ್ಬದ ದಿನ ಕುಟುಂಬಗಳು ಆ ನೆರಳಲ್ಲಿ ಕೂರುತ್ತಿದ್ದವು. 1966ರಲ್ಲಿ ಹೆದ್ದಾರಿಗಾಗಿ ಅವನ್ನು ಕಡಿದು, ಮೇಲೆ ಕಾಂಕ್ರೀಟ್ ಸೇತುವೆ ಎಬ್ಬಿಸಿದರು. ಮೆರವಣಿಗೆ ಇಂದೂ ಆ ಸೇತುವೆಯ ಕೆಳಗೆ ಬಂದೊಡನೆ ನಿಲ್ಲುತ್ತದೆ, ಮತ್ತು ಟ್ರಂಪೆಟ್ಟುಗಳು ಮೇಲಕ್ಕೆತ್ತಿ ನುಡಿಯುತ್ತವೆ, ಏಕೆಂದರೆ ಸದ್ದು ಅಲ್ಲಿ ಇಮ್ಮಡಿಯಾಗಿ ಮರಳುತ್ತದೆ.