ಗೊರಕೆ ನಿಂತ ರಾತ್ರಿ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿರುವ ನನ್ನ ಬಳಿಗೆ ಒಂದೇ ಬೆಳಿಗ್ಗೆ ಇಬ್ಬರು ಹುಡುಗರು ಬಂದರು. ಹರಿಹರದ ಹದಿಮೂರರ ಹುಡುಗನ ಮೂಗಿನ ನಡುಗೋಡೆ ವಾಲಿತ್ತು. ತಣ್ಣನೆಯ ಉಕ್ಕಿನ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದರೆ ಎಡಕ್ಕೆ ಅಗಲವಾಗಿ ಉಸಿರಿನ ಮಂಜು, ಬಲಕ್ಕೆ ಕಾಸಿನಷ್ಟೇ. ‘ಈ ಬೇಸಿಗೆ ರಜೆಯಲ್ಲೇ ಆಪರೇಷನ್ ಮುಗಿಸಿಬಿಡಿ’ ಎಂದು ತಂದೆಗೆ ಆತುರ. ಇನ್ನೊಬ್ಬ ಮಂಡಕ್ಕಿ ಭಟ್ಟಿಯ ಕಡೆಯವನು, ಐದು ವರ್ಷ, ಬಾಯಿ ತೆರೆದೇ ಕೂತಿದ್ದ. ‘ಗೊರಕೆ ತಾನೇ, ಬೆಳೆದಂತೆ ಹೋಗುತ್ತದೆ’ ಎಂದು ಅಜ್ಜಿ ನಿಶ್ಚಿಂತೆಯಾಗಿದ್ದರು.

ಆತುರವೂ ನಿಶ್ಚಿಂತೆಯೂ ಅದಲುಬದಲಾಗಿದ್ದವು.

ಅಜ್ಜಿಗೆ ಹೇಳಿ, ಮಗು ಮಲಗಿದಾಗ ಮೊಬೈಲಿನಲ್ಲಿ ಚಿತ್ರೀಕರಿಸಿ ತರಿಸಿದೆ. ಕತ್ತು ಹಿಂದಕ್ಕೆ ಚಾಚಿ, ಬೆವರಿ ಮಲಗಿದ್ದಾನೆ. ಗೊರಕೆ ಏರುತ್ತದೆ, ಥಟ್ಟನೆ ನಿಲ್ಲುತ್ತದೆ. ಎದೆ ಎಳೆಯುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಬೆಚ್ಚಿ ಉಸಿರೆಳೆದುಕೊಂಡು ಹೊರಳುತ್ತಾನೆ.

ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಮೆತ್ತನೆಯ ಗಡ್ಡೆ ಇರುತ್ತದೆ. ಅದು ಉಸಿರಿಗೆ ಅಡ್ಡವಾಗುವುದನ್ನು 1868ರಲ್ಲಿ ವಿವರಿಸಿದವರು ಡೆನ್ಮಾರ್ಕಿನ ವೈದ್ಯ ವಿಲ್ಹೆಲ್ಮ್ ಮೇಯರ್. ಮೂರರಿಂದ ಏಳು ವರ್ಷದೊಳಗೆ ಅದು ದೊಡ್ಡದಾಗಿದ್ದು, ಹದಿಹರೆಯದ ಹೊತ್ತಿಗೆ ಕುಗ್ಗುತ್ತದೆ. ಅಜ್ಜಿಯ ಮಾತು ಪೂರಾ ಸುಳ್ಳಲ್ಲ. ಆದರೆ ಅಷ್ಟು ವರ್ಷ ನಿದ್ದೆ ಕೆಟ್ಟ ಮಗು ತರಗತಿಯಲ್ಲಿ ತೂಕಡಿಸುತ್ತದೆ, ಇಲ್ಲವೇ ಒಂದೆಡೆ ಕೂರದೆ ತುಂಟನೆನಿಸಿಕೊಳ್ಳುತ್ತದೆ. ಕಿವಿಯೊಳಗೆ ನೀರು ತುಂಬಿ ಕೇಳಿಸುವುದೂ ಮಂದವಾಗಬಹುದು.

ಅಲರ್ಜಿಯಿಂದ ಮೂಗು ಕಟ್ಟಿದ್ದರೆ, ತೊಂದರೆ ಸೌಮ್ಯವಾಗಿದ್ದರೆ, ಮೊದಲು ಕೆಲವು ವಾರ ಸ್ಪ್ರೇ. ಹೊಗೆ ಮತ್ತು ದೂಳಿನಿಂದಲೂ ಮಗುವನ್ನು ದೂರವಿಡಬೇಕು. ಮನೆಯೊಳಗಿನ ಬೀಡಿ ಹೊಗೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಉಸಿರು ನಿಲ್ಲುವ ಈ ಮಗುವಿಗೆ ಕಾಯುವುದು ತರವಲ್ಲ. ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಗಡ್ಡೆ ತೆಗೆದೆವು. ಮುಖದ ಮೇಲೆ ಒಂದು ಗೀರೂ ಇಲ್ಲ. ವಾರವಾದ ಮೇಲೆ ಅಜ್ಜಿ ಹೇಳಿದರು: ರಾತ್ರಿ ಸದ್ದೇ ಇಲ್ಲದ್ದಕ್ಕೆ ಹೆದರಿ, ಎದ್ದು ಮೂಗಿನ ಕೆಳಗೆ ಬೆರಳಿಟ್ಟು ನೋಡಿದರಂತೆ.

ಹರಿಹರದ ಹುಡುಗ ಕಾಯಬಹುದು. ನಡುಗೋಡೆಯ ಮೃದ್ವಸ್ಥಿ ಇನ್ನೂ ಬೆಳೆಯುತ್ತಿದೆ. ಈಗಲೇ ಹೆಚ್ಚು ಕತ್ತರಿಸಿದರೆ ಮೂಗಿನ ಬೆಳವಣಿಗೆಗೇ ಪೆಟ್ಟು. ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 17–18 ಆಗುವವರೆಗೆ ಸಾಮಾನ್ಯವಾಗಿ ಮುಂದೂಡುತ್ತೇವೆ. ಉಸಿರಾಟ ತೀರಾ ಕಷ್ಟವಾದರೆ ಮಾತ್ರ ಬೇಕಾದಷ್ಟನ್ನೇ ಮೊದಲು ಸರಿಪಡಿಸುವುದುಂಟು.

ಇದೇ ನಡುಗೋಡೆಯ ವಿಷಯದಲ್ಲಿ ಒಂದು ಗಳಿಗೆಯೂ ತಡಮಾಡಬಾರದ ಸಂದರ್ಭ ಇನ್ನೊಂದಿದೆ. ಕ್ರಿಕೆಟ್ ಚೆಂಡು ಮೂಗಿಗೆ ಬಡಿದು, ಆಮೇಲೆ ಎರಡೂ ಹೊಳ್ಳೆ ಕಟ್ಟಿಕೊಂಡರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒಂದೆರಡು ದಿನದೊಳಗೆ ಅದನ್ನು ಹೊರತೆಗೆಯದಿದ್ದರೆ ಮೃದ್ವಸ್ಥಿ ಸತ್ತು ಮೂಗು ಕುಸಿಯಬಹುದು. ಭಾನುವಾರವಾದರೂ ಸರಿ, ಅಂದೇ ತೋರಿಸಿ.

ನಮಸ್ಕಾರ.