ಹೆರಿಗೆ ಎಣಿಸಿದರೆ ಸಾಲದು

ಕೇಳುಗರೇ, ನಮಸ್ಕಾರ. ಒಬ್ಬ ಹೆಂಗಸಿಗೆ ಸರಾಸರಿ ಇಷ್ಟು ಮಕ್ಕಳು ಎಂದು ಸುದ್ದಿಯಲ್ಲಿ ಕೇಳುತ್ತೀರಲ್ಲ, ಅದೇ ಒಟ್ಟು ಫಲವತ್ತತೆ ದರ. ಮನೆಮನೆ ಸಮೀಕ್ಷೆಯಿಂದ ಅದನ್ನು ತೆಗೆಯುವ ಭಾಗಾಕಾರದಲ್ಲಿ ಮೇಲಿರುವುದು ಹೆರಿಗೆಗಳು, ಕೆಳಗಿರುವುದು ಹೆಂಗಸರು ಕಳೆದ ವರ್ಷಗಳು. ಮೇಲಿನದು ಸುಲಭ, ಎಡವುವುದು ಕೆಳಗೆ.

15ರಿಂದ 49ರ ಪ್ರಾಯದ ಪ್ರತಿ ಹೆಂಗಸು ಹೆತ್ತ ಎಲ್ಲ ಮಕ್ಕಳ, ತೀರಿಕೊಂಡವರದೂ ಸೇರಿ, ಹುಟ್ಟಿದ ತಿಂಗಳು ಮತ್ತು ಇಸವಿ ಬರೆದಿರುತ್ತಾರೆ. ಮೊದಲು ತಾರೀಖುಗಳನ್ನೆಲ್ಲ ತಿಂಗಳಿಗೆ ಇಳಿಸಿ: ಇಸವಿಯಿಂದ 1900 ಕಳೆದು, 12ರಿಂದ ಗುಣಿಸಿ, ತಿಂಗಳ ಸಂಖ್ಯೆ ಕೂಡಿಸಿ. 1994ರ ಮಾರ್ಚ್ 1131 ಆಗುತ್ತದೆ, 2019ರ ಜೂನ್ 1434.

ಆ ಮಾರ್ಚ್‌ನಲ್ಲಿ ಹುಟ್ಟಿದವಳನ್ನು ಈ ಜೂನ್‌ನಲ್ಲಿ ಮಾತಾಡಿಸಿದ್ದಾರೆ ಎನ್ನಿ. ಜೂನ್ ಅರೆಬರೆ ತಿಂಗಳು, ಬಿಟ್ಟುಬಿಡಿ. ಅದರ ಹಿಂದಿನ 36 ತಿಂಗಳು, ಅಂದರೆ 1398ರಿಂದ 1433, ನಮ್ಮ ಅವಧಿ. ಅವಳಿಗೆ 25 ತುಂಬಿದ್ದು 1431ರಲ್ಲಿ. ಹಾಗಾಗಿ 3 ತಿಂಗಳು 25–29ರ ಗುಂಪಿಗೆ, ಉಳಿದ 33 ತಿಂಗಳು 20–24ರ ಗುಂಪಿಗೆ. 2018ರ ಡಿಸೆಂಬರ್‌ನಲ್ಲಿ ಹೆತ್ತಿದ್ದರೆ ಆಗ ಅವಳಿಗೆ 24 ವರ್ಷ 9 ತಿಂಗಳು; ಆ ಹೆರಿಗೆ 20–24ಕ್ಕೇ ಸೇರಬೇಕು. ಈಗ 25 ಆಯಿತಲ್ಲ ಎಂದು ಮುಂದಿನ ಗುಂಪಿಗೆ ತಳ್ಳಿದರೆ ಇಡೀ ಪಟ್ಟಿ ಹಿರಿವಯಸ್ಸಿನ ಕಡೆ ವಾಲುತ್ತದೆ.

ತಿಂಗಳು, ಹೆರಿಗೆ ಎರಡನ್ನೂ ಸ್ಯಾಂಪಲ್ ತೂಕದಿಂದ, ಅಂದರೆ ಸಮೀಕ್ಷೆಗೆ ಸಿಕ್ಕ ಒಬ್ಬಳು ಎಷ್ಟು ಹೆಂಗಸರನ್ನು ಪ್ರತಿನಿಧಿಸುತ್ತಾಳೆ ಎಂದು ತೋರಿಸುವ ಸಂಖ್ಯೆಯಿಂದ, ಗುಣಿಸಿ ಗುಂಪುವಾರು ಕೂಡಿಸಿ. ತಿಂಗಳ ಮೊತ್ತವನ್ನು 12ರಿಂದ ಭಾಗಿಸಿದರೆ ವರ್ಷ; ಹೆರಿಗೆಗಳನ್ನು ಆ ವರ್ಷಗಳಿಂದ ಭಾಗಿಸಿದರೆ ಆ ಗುಂಪಿನ ದರ. 15–19ರಿಂದ 45–49ರವರೆಗಿನ 7 ಗುಂಪುಗಳ ದರ ಸಾವಿರಕ್ಕೆ 40, 150, 130, 70, 30, 8, 2 ಬಂತು ಎನ್ನಿ, ಮೊತ್ತ 430. ಒಂದೊಂದು ಗುಂಪಿನಲ್ಲೂ 5 ವರ್ಷ ಕಳೆಯುವುದರಿಂದ 5ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 2.15. ಉತ್ತರ 0.43 ಬಂದರೆ ಐದನ್ನು ಮರೆತಿದ್ದೀರಿ.

ಮದುವೆಯಾದವರನ್ನಷ್ಟೇ ಮಾತಾಡಿಸಿದ ಸಮೀಕ್ಷೆಯಾದರೆ, ಮದುವೆಯಾಗದವರ ವರ್ಷಗಳನ್ನೂ ಮನೆಯವರ ಪಟ್ಟಿಯಿಂದ ತಂದು ಕೆಳಗೆ ಸೇರಿಸಬೇಕು. ಇಲ್ಲವಾದರೆ 15–19ರ ದರ ಸುಮ್ಮನೆ ಗಗನಕ್ಕೇರುತ್ತದೆ.

ಲೆಕ್ಕಕ್ಕೂ ಮೊದಲೇ ಕೆಡುವ ಜಾಗವೊಂದಿದೆ. 5 ವರ್ಷದೊಳಗಿನ ಮಗುವಿದ್ದರೆ ಲಸಿಕೆ, ಆಹಾರ, ಕಾಯಿಲೆ ಎಂದು ಪುಟಗಟ್ಟಲೆ ಪ್ರಶ್ನೆ ಕೇಳಬೇಕಾಗುತ್ತದೆ. ದಣಿದ ಗಣತಿದಾರರು ಮಗುವಿನ ಹುಟ್ಟನ್ನು ಒಂದು ವರ್ಷ ಹಿಂದಕ್ಕೆ ಸರಿಸಿಬಿಡುತ್ತಾರೆ! ಹೆರಿಗೆಗಳನ್ನು ಇಸವಿವಾರು ಜೋಡಿಸಿ ನೋಡಿ. ಆ 5 ವರ್ಷದ ಗಡಿಯ ಒಳಗಿನ ವರ್ಷ ತಗ್ಗಿ, ಹೊರಗಿನ ವರ್ಷ ಉಬ್ಬಿದ್ದರೆ ಅನುಮಾನಿಸಿ. 5 ವರ್ಷದ ದರಕ್ಕೆ ಬೀಳುವ ಈ ಪೆಟ್ಟು 3 ವರ್ಷದ ದರಕ್ಕೆ ಅಷ್ಟಾಗಿ ಬೀಳದು.

ಕುಟುಂಬ ಯೋಜನೆಯಲ್ಲೂ ಕಾಡುವುದು ಛೇದವೇ. ಈಗ ದಾಂಪತ್ಯದಲ್ಲಿರುವ 1000 ಹೆಂಗಸರಲ್ಲಿ 540 ಮಂದಿ ಏನಾದರೊಂದು ವಿಧಾನ ಅನುಸರಿಸುತ್ತಿದ್ದರೆ ಬಳಕೆ ಶೇ 54. ಮಗು ಸದ್ಯಕ್ಕೆ ಅಥವಾ ಇನ್ನೆಂದೂ ಬೇಡವೆಂದರೂ ಏನೂ ಬಳಸದವರು 120 ಎನ್ನಿ. ಬೇಡಿಕೆ ಒಟ್ಟು 660. 540ರ ಪೈಕಿ ಮಾತ್ರೆ, ಕಾಂಡೋಮ್, ಆಪರೇಷನ್‌ನಂಥ ಆಧುನಿಕ ವಿಧಾನದವರು 480 ಆದರೆ, ಆಧುನಿಕ ವಿಧಾನದಿಂದ ಈಡೇರಿದ ಬೇಡಿಕೆ 480 ಭಾಗಿಸು 660, ಶೇ 72.7. ಗರ್ಭಿಣಿಯರು ಹೇಗೂ ಬಳಸುವುದಿಲ್ಲವೆಂದು ಆ ಸಾವಿರದಿಂದ ತೆಗೆಯಬೇಡಿ, ಶೇಕಡಾವಾರು ಉಬ್ಬುತ್ತದೆ. ಎಂದೋ ಆಪರೇಷನ್ ಮಾಡಿಸಿಕೊಂಡವರು ‘ಈಗ ಏನೂ ಬಳಸ್ತಿಲ್ಲ’ ಎನ್ನುವುದೂ ಉಂಟು. ಅವರು ಬಳಕೆದಾರರೇ. ಆಪರೇಷನ್ ಆಗಿದೆಯೇ ಎಂದು ಬೇರೆಯಾಗಿ ಕೇಳಿರಬೇಕು.