ಇಳಿತದ ಹೊತ್ತು ನೋಡಿ ಹೊರಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇನ್ನು ರಜೆ ಶುರು. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ನೆಂಟರು ಬರುತ್ತಾರೆ. ಬ್ಯಾಗ್ ಕೆಳಗಿಡುವ ಮೊದಲೇ ಕೇಳುತ್ತಾರೆ, "ಮಲ್ಪೆಯ ಆ ದ್ವೀಪಕ್ಕೆ ಯಾವತ್ತು ಹೋಗೋಣ?" ಸೇಂಟ್ ಮೇರೀಸ್ ದ್ವೀಪ, ನಮ್ಮ ಹಿರಿಯರ ಬಾಯಲ್ಲಿ ತೋನ್ಸೆಪಾರ್. ನೀವು ತಕ್ಷಣ "ಭಾನುವಾರ ಹೋಗೋಣ" ಅಂದುಬಿಡುತ್ತೀರಿ. ಹಾಗೆ ಹೇಳಬೇಡಿ. "ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿ ಹೇಳುತ್ತೇನೆ" ಅನ್ನಿ. ಇಳಿತ ಅಂದರೆ ಕಡಲಿನ ನೀರು ಕೆಳಗಿಳಿಯುವುದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ದಿನ ಗೊತ್ತು ಮಾಡುವ ಮೊದಲು ಇಳಿತದ ಹೊತ್ತು ನೋಡಿ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಬೆಳಿಗ್ಗೆ ಉಡುಪಿಗೆ ಬರುತ್ತಾರೆ. ಕೃಷ್ಣ ಮಠ, ದರ್ಶನ, ರಥಬೀದಿಯಲ್ಲಿ ಒಂದು ಸುತ್ತು, ಮಧ್ಯಾಹ್ನ ಊಟ. ಊಟವಾದ ಮೇಲೆ ಕಣ್ಣು ಎಳೆಯುತ್ತಿರುತ್ತದೆ. ಆಗ ಯಾರಿಗೋ ದ್ವೀಪ ನೆನಪಾಗುತ್ತದೆ. ಮೂರು ಗಂಟೆಗೆ ಮಲ್ಪೆ ಬೀಚ್. ಬಿಸಿಲು, ಕ್ಯೂ, ಟಿಕೆಟ್, ದೋಣಿ. ದ್ವೀಪಕ್ಕೆ ಕಾಲಿಟ್ಟು ನಾಲ್ಕು ಫೋಟೋ ಹೊಡೆಯುವಷ್ಟರಲ್ಲಿ ವಾಪಸ್ ಬರುವ ಕೊನೆಯ ದೋಣಿಗೆ ಕರೆಯುತ್ತಾರೆ. ಮನೆಗೆ ಬಂದು ಹೇಳುತ್ತಾರೆ, "ಅಂಥಾದ್ದೇನಿಲ್ಲ, ಒಂದಷ್ಟು ತೆಂಗಿನ ಮರ, ಒಂದಷ್ಟು ಕಲ್ಲು." ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಒಂದಷ್ಟು ಕಲ್ಲು ನೋಡುವುದಕ್ಕೇ ಅಲ್ಲಿಗೆ ಹೋಗುವುದು!

ದ್ವೀಪ ಚಿಕ್ಕದು. ಒಟ್ಟು ನಾಲ್ಕು ಮುಖ್ಯ ದ್ವೀಪಗಳಿವೆ. ದೋಣಿ ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಇರಬಹುದು. ಜನವಸತಿ ಇಲ್ಲ, ರಾತ್ರಿ ಉಳಿಯುವ ಹಾಗಿಲ್ಲ. ಆದರೆ ಇಷ್ಟು ಚಿಕ್ಕ ಜಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಯಾಕೆ? ಸುಮಾರು 9 ಕೋಟಿ ವರ್ಷಗಳ ಹಿಂದೆ ನಮ್ಮ ನೆಲಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಕಾಲದಲ್ಲಿ ಭೂಮಿಯ ಒಳಗಿನಿಂದ ಲಾವಾ ಉಕ್ಕಿ ಬಂತು. ಆ ಲಾವಾ ತಣಿದು ಕಂಬ ಕಂಬವಾಗಿ ಗಟ್ಟಿಯಾಯಿತು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಂಬಗಳು. ಒಂದರ ಪಕ್ಕ ಒಂದು, ಸಂದು ಬಿಡದೆ ಒತ್ತಿಟ್ಟ ಹಾಗೆ. ಕೆಲವು ಆಳೆತ್ತರಕ್ಕಿಂತ ಜಾಸ್ತಿ ಇವೆ.

ಎತ್ತರದ ಕಂಬಗಳು ಯಾವ ಹೊತ್ತಿಗೆ ಹೋದರೂ ಕಾಣುತ್ತವೆ. ಆದರೆ ಅವುಗಳ ಬುಡಕ್ಕೆ ಹೋಗಬೇಕು, ಕೈಯಿಟ್ಟು ಮುಟ್ಟಬೇಕು, ನೀರಿನಂಚಿನ ಗಿಡ್ಡ ಕಂಬಗಳ ತಲೆ ಸಾಲಾಗಿ ಕಾಣಬೇಕು ಅಂದರೆ ಇಳಿತವೇ ಆಗಬೇಕು. ನಮ್ಮ ಕಡಲಿನಲ್ಲಿ ನೀರು ಏರಿ ಇಳಿಯುವ ಅಂತರ ಒಂದು, ಒಂದೂವರೆ ಮೀಟರ್. ಅಷ್ಟೇ ತಾನೇ ಅನ್ನಬೇಡಿ. ಇಡೀ ದ್ವೀಪವೇ ನೀರಿನಿಂದ ಕೆಲವು ಮೀಟರ್ ಎತ್ತರ ಇರುವಾಗ ಒಂದೂವರೆ ಮೀಟರ್ ಅಂದರೆ ಬಹಳ.

ಒಂದು ಸಲದ ಮಾತು ಹೇಳುತ್ತೇನೆ. ಡಿಸೆಂಬರ್ ತಿಂಗಳು. ಭೂವಿಜ್ಞಾನ ಓದುವ ನಮ್ಮ ಡಿಗ್ರಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹತ್ತು ಗಂಟೆಯ ಹೊತ್ತಿಗೆ ಇಳಿತ ಇರುವ ದಿನವನ್ನೇ ನೋಡಿ ಹೊರಟಿದ್ದೆವು. ಅದೇ ದೋಣಿಯಲ್ಲಿ ಕಾರ್ಕಳ ಕಡೆಯ ಒಂದು ಕುಟುಂಬ. ಹಿರಿಯರೊಬ್ಬರು, ಅವರ ಹೆಂಡತಿ, ಮಗಳು, ಇಬ್ಬರು ಮೊಮ್ಮಕ್ಕಳು. ದ್ವೀಪದಲ್ಲಿ ಇಳಿದ ಕೂಡಲೇ ಮಕ್ಕಳು ಚಿಪ್ಪಿನ ದಂಡೆಗೆ ಓಡಿದರು, ಹೆಂಗಸರು ಹಿಂದೆ ಹೋದರು. ಈ ಹಿರಿಯರು ಮಾತ್ರ ನಮ್ಮ ಗುಂಪಿನ ಹಿಂದೆ ಬಂದು ಕೈ ಕಟ್ಟಿ ನಿಂತರು. ನಾನು ಪಾಠ ಮಾಡುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಲುಂಗಿ ಮೇಲೆ ಕಟ್ಟಿ ಕುಕ್ಕರಗಾಲಿನಲ್ಲಿ ಕೂತರು. ಎರಡು ಕಂಬಗಳ ನಡುವಿನ ಸಂದಿಯಲ್ಲಿ ಹೆಬ್ಬೆರಳ ಉಗುರು ಇಟ್ಟು ನಿಧಾನಕ್ಕೆ ಎಳೆದುಕೊಂಡು ಹೋದರು. ಮೂಲೆ ಬಂದಲ್ಲಿ ನಿಲ್ಲಿಸಿ ಮತ್ತೆ ಎಳೆದರು. ಆ ಕೈ ನೋಡಿದಾಗಲೇ ನನಗೆ ಗೊತ್ತಾಯಿತು, ಇವರು ಕಲ್ಲಿನ ಕೆಲಸದವರು ಅಂತ.

"ಮಾಷ್ಟ್ರೇ, ಇದು ಕೆತ್ತಿದ್ದಲ್ಲ" ಅಂದರು. "ಎಲ್ಲಿಯೂ ಉಳಿಯ ಗುರುತೇ ಇಲ್ಲ. ಮತ್ತೆ ಇಷ್ಟು ನೇರ ಹೇಗೆ ಬಂತು?"

ನಾನು ಹೇಳಿದೆ, "ಕೊಯ್ಲು ಮುಗಿದ ಮೇಲೆ ಗದ್ದೆ ಒಣಗಿ ಬಿರಿಯುವುದಿಲ್ಲವಾ? ಕೆಸರು ಒಣಗಿ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬೀಳುತ್ತದೆ. ಇದು ಲಾವಾ. ತಣಿಯುವಾಗ ಕುಗ್ಗಿತು, ಹಾಗೇ ಬಿರಿಯಿತು."

ಅವರು ತಲೆ ಆಡಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕಲ್ಲನ್ನೇ ನೋಡಿದರು. ಆಮೇಲೆ ಕೇಳಿದ್ದು ನಮ್ಮ ಮಕ್ಕಳಲ್ಲಿ ಒಬ್ಬರೂ ಕೇಳದೇ ಇದ್ದ ಪ್ರಶ್ನೆ. "ಗದ್ದೆಯ ಬಿರುಕು ಹೆಚ್ಚೆಂದರೆ ಒಂದು ಗೇಣು ಇಳಿಯುತ್ತದೆ. ಇದು ಆಳೆತ್ತರ ಇಳಿದಿದೆಯಲ್ಲ. ನಡುವೆ ಎಲ್ಲಿಯೂ ದಾರಿ ತಪ್ಪಲಿಲ್ಲ ಯಾಕೆ?"

ಎಂಥ ಪ್ರಶ್ನೆ ನೋಡಿ! ನನಗೆ ಆದ ಖುಷಿ ಹೇಳತೀರದು. ಮಕ್ಕಳನ್ನೆಲ್ಲ ಹತ್ತಿರ ಕರೆದೆ. ಬಿರುಕು ಒಮ್ಮೆಲೇ ಮೇಲಿಂದ ಕೆಳಗೆ ಬೀಳುವುದಲ್ಲ. ಮೊದಲು ಮೇಲ್ಮೈ ತಣಿಯುತ್ತದೆ, ಅಲ್ಲಿ ಒಂದಿಷ್ಟು ಬಿರಿಯುತ್ತದೆ. ಅದರ ಕೆಳಗಿನ ಪದರ ಆಮೇಲೆ ತಣಿಯುತ್ತದೆ. ಆಗ ಹೊಸ ಬಿರುಕು ಬೇರೆ ಕಡೆ ಹುಟ್ಟುವುದಿಲ್ಲ, ಹಳೆಯದೇ ಇನ್ನಷ್ಟು ಇಳಿಯುತ್ತದೆ. ತಣಿಯುವುದು ಎಷ್ಟು ಒಳಗೆ ಹೋಗುತ್ತದೋ ಬಿರುಕೂ ಅಷ್ಟೇ ಒಳಗೆ ಹೋಗುತ್ತದೆ. ಲಾವಾ ದಪ್ಪ ಇತ್ತು, ನಿಧಾನವಾಗಿ ತಣಿಯಿತು, ಅದಕ್ಕೇ ಕಂಬ ಉದ್ದ ಬಂತು. ಇಷ್ಟು ಹೇಳಿದ ಮೇಲೆ ಅವರು, "ಹಾಗೆ ಹೇಳಿ, ಈಗ ಸರಿಯಾಯಿತು" ಅಂದರು.

ಆಮೇಲೆ ಪಾಠ ಅವರದ್ದೇ. ಒಂದೊಂದು ಕಂಬದ ತಲೆಯ ಮೇಲೆ ಅಂಗೈ ಇಟ್ಟು ಮೂಲೆ ಎಣಿಸತೊಡಗಿದರು. ಇದಕ್ಕೆ ಆರು. ಇದಕ್ಕೆ ಐದು. ಮತ್ತೆ ಆರು. ಮಕ್ಕಳು ನನ್ನನ್ನು ಬಿಟ್ಟು ಅವರ ಹಿಂದೆ ಹೋದರು. ಏಳು ಮೂಲೆಯದ್ದು ಮೊದಲು ಯಾರಿಗೆ ಸಿಗುತ್ತದೆ ಅಂತ ಪೈಪೋಟಿ. ಸಿಕ್ಕಿದ್ದು ಅವರ ಚಿಕ್ಕ ಮೊಮ್ಮಗಳಿಗೆ, ನೀರಿನಂಚಿಗೆ ತೀರಾ ಹತ್ತಿರದ ಒಂದು ಗಿಡ್ಡ ಕಂಬ. ಅದರ ತಲೆ ನುಣುಪಾಗಿತ್ತು. ನಡುವೆ ಒಂದು ಸಣ್ಣ ಗುಳಿ, ಗುಳಿಯಲ್ಲಿ ಉಪ್ಪು ನೀರು, ನೀರಿನಲ್ಲಿ ಉಗುರಿನಷ್ಟು ದೊಡ್ಡ ಏಡಿ. ಆ ಮಗು ಅಲ್ಲಿಂದ ಏಳಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರು ಏರತೊಡಗಿತು. ಅಲೆ ದೊಡ್ಡದಾಗಿದ್ದು ಆಮೇಲೆ. ಮೊದಲು ಕಂಬಗಳ ಸಂದಿಯೊಳಗೆ ಗುಳುಗುಳು ಸದ್ದು ಬಂತು. ಆ ಸದ್ದು ಬಂದ ಕೂಡಲೇ ಎಲ್ಲರನ್ನೂ ಮೇಲೆ ಹತ್ತಿಸಿದೆ. ತೆಂಗಿನ ಮರದ ಕೆಳಗೆ ಬುತ್ತಿ ಬಿಚ್ಚಿ ಊಟ ಮಾಡಿದೆವು. ಅವರ ಮನೆಯ ಕಡುಬು, ನಮ್ಮ ಮಕ್ಕಳ ಚಿತ್ರಾನ್ನ.

ಈಗ ಕೇಳಿ. ಮೂರು ಗಂಟೆಯ ಹೊತ್ತಿಗೆ ಇನ್ನೊಂದು ಗುಂಪು ಬಂತು. ಅವರಲ್ಲಿ ಒಬ್ಬರು ನನ್ನ ಹತ್ತಿರ ಬಂದು, "ಸರ್, ಇಲ್ಲಿ ನೆಲಕ್ಕೆ ಜೋಡಿಸಿದ ಹಾಗೆ ಆರು ಮೂಲೆ ಕಲ್ಲು ಇದೆಯಂತಲ್ಲ, ಎಲ್ಲಿ?" ಅಂತ ಕೇಳಿದರು. ನಾನು ಕೈ ತೋರಿಸಿದೆ. ಬೆಳಿಗ್ಗೆ ಆ ಮಗು ಕೂತಿದ್ದ ಜಾಗದಲ್ಲಿ ಬರೀ ಬಿಳಿ ನೊರೆ. ಅವರು ನಂಬಲಿಲ್ಲ, ನೋಡಲು ಮುಂದೆ ಹೋದರು. ಲೈಫ್‌ಗಾರ್ಡ್ ಸೀಟಿ ಊದಿ ವಾಪಸ್ ಕರೆದರು. ದೂರದಿಂದ ಎತ್ತರದ ಕಂಬಗಳ ಫೋಟೋ ಹೊಡೆದುಕೊಂಡು ಹೋದರು. ಅವರೂ ಅಷ್ಟೇ ಟಿಕೆಟ್ ಕೊಟ್ಟಿದ್ದರು, ಅದೇ ದಿನ, ಅದೇ ದ್ವೀಪ. ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ನಿಮಗೆ ಹೇಳುತ್ತಿದ್ದೇನೆ. ಇಳಿತದ ಹೊತ್ತು ನೋಡಿ ಹೊರಡಿ.

ನೋಡುವುದು ಹೇಗೆ? ಕಷ್ಟ ಏನಿಲ್ಲ. ಮೊಬೈಲ್‌ನಲ್ಲಿ ಮಲ್ಪೆ ಅಥವಾ ಮಂಗಳೂರು ಅಂತ ಹಾಕಿ ಉಬ್ಬರ ಇಳಿತದ ವೇಳೆ ಕೇಳಿ, ಬರುತ್ತದೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕಡಲಿನ ಮುನ್ಸೂಚನೆ ಕೊಡುತ್ತದೆ, ದೊಡ್ಡ ಅಲೆಯ ಎಚ್ಚರಿಕೆಯೂ ಅಲ್ಲೇ ಸಿಗುತ್ತದೆ. ಮೊಬೈಲ್ ಬೇಡ ಅನ್ನುವವರು ಮಲ್ಪೆಯಲ್ಲಿ ಮೀನುಗಾರರನ್ನು ಯಾರನ್ನಾದರೂ ಕೇಳಿ. ಅವರಿಗೆ ಬಾಯಿಪಾಠ.

ಲೆಕ್ಕವೂ ಸುಲಭ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ದಿನ ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇವತ್ತು ಒಂಬತ್ತಕ್ಕೆ ಇಳಿತ ಅಂದರೆ ನಾಳೆ ಹತ್ತರ ಹತ್ತಿರ, ನಾಡಿದ್ದು ಹನ್ನೊಂದರ ಹತ್ತಿರ. ಹಾಗಾಗಿ ನಿಮಗೆ ಬೇಕಾದ ಹೊತ್ತಿಗೆ ಇಳಿತ ಬರುವುದು ಸಾಲಾಗಿ ಮೂರು ನಾಲ್ಕು ದಿನ. ಆಮೇಲೆ ಸುಮಾರು ಹದಿನೈದು ದಿನ ಕಳೆದರೆ ಮತ್ತೆ ಅದೇ ಹೊತ್ತು. ಇದೆಲ್ಲ ಚಂದ್ರನ ಕೆಲಸ ಅಲ್ವಾ? ಅದಕ್ಕೇ ತಿಥಿಯ ಜೊತೆ ಹೊಂದುತ್ತದೆ. ಒಂದು ಸಲ ಯಾವ ತಿಥಿಗೆ ಬೆಳಿಗ್ಗೆ ಹತ್ತಕ್ಕೆ ಇಳಿತ ಬಂತು ಅಂತ ಮನೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮುಂದೆ ನೆಂಟರು ಬಂದಾಗ ಅದೇ ನಿಮಗೆ ದಾರಿ ತೋರಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಹತ್ತಿರ ಎರಡೂ ಕಡಿಮೆ.

ಬೆಳಗಿನ ಇಳಿತವೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಗಾಳಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಮೆಲ್ಲಗೆ. ಕಡಲು ಶಾಂತ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲಿನಿಂದ ಗಾಳಿ ಏಳುತ್ತದೆ, ದೋಣಿ ಕುಣಿಯುತ್ತದೆ. ದೋಣಿಯಲ್ಲಿ ಹೊಟ್ಟೆ ತೊಳಸುವ ಮಕ್ಕಳಿದ್ದರೆ ಇದು ನಿಮಗೆ ಗೊತ್ತೇ ಇರುತ್ತದೆ. ಮಲ್ಪೆಯಿಂದ ದ್ವೀಪಕ್ಕೆ ಆರು ಕಿಲೋಮೀಟರ್ ಆಸುಪಾಸು, ಅರ್ಧ ಗಂಟೆಯ ಒಳಗೆ ತಲುಪುತ್ತೀರಿ. ಜನ ಸೇರಿದ ಮೇಲೆ ದೋಣಿ ಬಿಡುವುದು, ಹಾಗಾಗಿ ವಾರದ ನಡುವೆ ಹೋಗುವವರು ಸ್ವಲ್ಪ ಕಾಯುವುದಕ್ಕೆ ತಯಾರಾಗಿ ಹೋಗಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದೋಣಿ ಇಲ್ಲ. ಆಗ ಸುಮ್ನೆ ಒತ್ತಾಯ ಮಾಡಬೇಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ದ್ವೀಪದಲ್ಲಿ ಕುಡಿಯುವ ನೀರು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಒಬ್ಬರಿಗೆ ಎರಡು ಲೀಟರ್ ಲೆಕ್ಕದಲ್ಲಿ ನೀರು ಒಯ್ಯಿರಿ. ತಿನ್ನಲಿಕ್ಕೆ ಬನ್ಸ್ ಒಳ್ಳೆಯದು, ಸಂಜೆವರೆಗೂ ಹಾಳಾಗುವುದಿಲ್ಲ. ಪುನರ್ಪುಳಿ ಶರಬತ್ತು ಇದ್ದರೆ ಬಿಸಿಲಿಗೆ ತಂಪು. ತಲೆಗೆ ಟೊಪ್ಪಿ ಬೇಕೇ ಬೇಕು, ಬಂಡೆಗಳ ಹತ್ತಿರ ನೆರಳು ಇಲ್ಲ. ಹವಾಯಿ ಚಪ್ಪಲಿ ಬೇಡ. ಇಳಿತದಲ್ಲಿ ಹೊರಗೆ ಕಾಣುವ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಹಿಂದೆ ಪಟ್ಟಿ ಇರುವ, ಜಾರದ ಸ್ಯಾಂಡಲ್ ಹಾಕಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಕೂರಬೇಡಿ, ತೊಟ್ಟುಕೊಳ್ಳಿ.

ಈಜುವ ವಿಷಯ ಮಾತ್ರ ಬೇಗ ಹೇಳಿ ಮುಗಿಸುವಂಥದ್ದಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಓದುವ ಮಕ್ಕಳು. ಕಂಬಗಳ ನಡುವೆ ನೀರು ನುಗ್ಗಿ ಹಿಂದೆ ಎಳೆಯುವಾಗ ಈಜು ಬಂದರೂ ಪ್ರಯೋಜನ ಇಲ್ಲ. ಗುರುತು ಮಾಡಿದ ಜಾಗ ಬಿಟ್ಟು ಬೇರೆ ಕಡೆ ನೀರಿಗೆ ಇಳಿಯಬೇಡಿ, ಬಂಡೆಯ ತುದಿಯಲ್ಲಿ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡಬೇಡಿ. ಇಲ್ಲಿಯೂ ಅದೇ ಮಾತು, ನೀರು ಯಾವಾಗ ತಿರುಗುತ್ತದೆ ಅಂತ ಗೊತ್ತಿದ್ದವರು ಯಾವಾಗ ಮೇಲೆ ಹತ್ತಬೇಕು ಅಂತ ತಿಳಿದಿರುತ್ತಾರೆ.

ಕಂಬದ ಚೂರು ಒಡೆದು ಜೇಬಿಗೆ ಹಾಕಿಕೊಳ್ಳಬೇಡಿ, ಹೆಸರು ಗೀಚಬೇಡಿ. ಚಿಪ್ಪು ಎಷ್ಟು ಬೇಕಾದರೂ ನೋಡಿ, ಅಲ್ಲೇ ಬಿಟ್ಟು ಬನ್ನಿ. ಪ್ಲಾಸ್ಟಿಕ್ ಒಯ್ದರೆ ವಾಪಸ್ ತನ್ನಿ. ಮತ್ತೆ ಆ ಕೃಷ್ಣ ಮಠದ ದರ್ಶನ, ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ದ್ವೀಪದಿಂದ ಬಂದು, ಸ್ನಾನ ಮಾಡಿ, ಸ್ವಲ್ಪ ಮಲಗಿ ಎದ್ದು ಹೋದರೂ ಆಗುತ್ತದೆ. ದೇವಸ್ಥಾನದ ಬಾಗಿಲು ಸಂಜೆಯೂ ತೆರೆದಿರುತ್ತದೆ.

ನಮಸ್ಕಾರ.